ಮೇಣದ ಮೇಲಿನ ದಬ್ಬಣದ ತೂತು

ಆಸಿಡ್ ಜಾಡಿಯನ್ನು ಊರಿಂದೂರಿಗೆ ಸಾಗಿಸಲು ನಮ್ಮ ಪ್ರಯೋಗಾಲಯದಲ್ಲಿ ಆರು ನಿಯಮಗಳಿದ್ದವು. ಆ ಸಲ ನಾನು ಐದನ್ನು ಪಾಲಿಸಿದೆ. ಒಂದನ್ನು ಬಿಡಲು ಆಗ ನನ್ನ ಹತ್ತಿರ ಕಾರಣವಿತ್ತು. ಈಗ ಇಲ್ಲ.

ಅರವತ್ತರ ದಶಕ ಶುರುವಾಗಿದ್ದ ಕಾಲ. ನಾನು ಕುಮಟಾದ ಒಂದು ಹೈಸ್ಕೂಲಿನಲ್ಲಿ ಪ್ರಯೋಗಾಲಯ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಶಾಲೆ ಶುರುವಾಗುವ ಮುಂಚೆ ದಿನವೂ ಬಾಟಲಿಗಳ ಬಿರಡೆ ಮುಟ್ಟಿ ನೋಡಬೇಕು, ಚೀಟಿಗಳು ಮುಂದಕ್ಕೆ ಮುಖ ಮಾಡಿರಬೇಕು, ಮರಳಿನ ಬಕೆಟ್ಟು ಬಾಗಿಲ ಬಲಕ್ಕಿರಬೇಕು. ಇದನ್ನೆಲ್ಲ ಕಲಿಸಿದವರು ವಿಜ್ಞಾನದ ಹಿರಿಯ ಮಾಸ್ತರರು. ಆರು ನಿಯಮಗಳನ್ನು ಇಂಗ್ಲಿಷಿನಲ್ಲಿ ಬರೆದು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದವರೂ ಅವರೇ. ನನಗೆ ಆ ಶಿಸ್ತು ಒಗ್ಗಿತ್ತು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರೆ ಭಯಪಡುವ ಕೆಲಸವಿಲ್ಲ ಎಂದು ನಂಬಿದ್ದೆ.

ಮಾರ್ಚ್ ತಿಂಗಳಲ್ಲಿ ಭಟ್ಕಳದ ಒಂದು ಶಾಲೆಯಿಂದ ಕಾಗದ ಬಂತು. ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿದೆ, ಗಂಧಕಾಮ್ಲ ಮುಗಿದಿದೆ, ಒಂದು ಜಾಡಿ ಕಡ ಕೊಡಿ ಎಂದು. ಮಾಸ್ತರರು ನನ್ನನ್ನೇ ಕಳಿಸಲು ನಿಶ್ಚಯಿಸಿದರು. ಅದೇ ವಾರ ನನ್ನ ಹೆಂಡತಿಯನ್ನು ಚೊಚ್ಚಲ ಬಾಣಂತನಕ್ಕೆ ಭಟ್ಕಳದ ತವರಿಗೆ ಬಿಟ್ಟು ಬರುವುದಿತ್ತು. ಅವಳಿಗೆ ಏಳು ತಿಂಗಳು. ಎರಡು ಕೆಲಸಕ್ಕೆ ಎರಡು ಪ್ರಯಾಣ ಯಾಕೆ? ಒಂದೇ ಪ್ರಯಾಣ ಸಾಕು ಎಂದು ಲೆಕ್ಕ ಹಾಕಿದೆ.

ಜಾಡಿ ದಪ್ಪ ಗಾಜಿನದು. ಮೇಲೆ ಬಾಯಿ, ಬುಡದ ಹತ್ತಿರ ಗಾಜಿನ ನಲ್ಲಿ. ನಲ್ಲಿ ತಿರುಗಿಸಿದರೆ ಬೇಕಾದಷ್ಟೇ ಆಸಿಡ್ ಹನಿಹನಿಯಾಗಿ ಬೀಳುತ್ತಿತ್ತು. ಮೇಲಿನ ಗಾಜಿನ ಬಿರಡೆ ಸಡಿಲ, ಅದಕ್ಕೇ ಸುತ್ತ ಮೇಣ ಕರಗಿಸಿ ಹೊಯ್ದು ಗಾಳಿಯಾಡದಂತೆ ಮುಚ್ಚಿದೆ. ಕಂಠದವರೆಗೆ ತುಂಬಲಿಲ್ಲ. ಮರದ ಪೆಟ್ಟಿಗೆಯೊಳಗಿಟ್ಟು ಸುತ್ತ ಒಣ ಮರಳು ತುಂಬಿ, ಕತ್ತು ಮಾತ್ರ ಹೊರಗೆ ಬಿಟ್ಟು ಮೇಲೆ ಹಲಗೆ ಹೊಡೆದೆ, ಹುಲ್ಲು ಬಳಸಲಿಲ್ಲ. ನಾಲ್ಕೂ ಬದಿಗೆ ಕೆಂಪು ಮಸಿಯಲ್ಲಿ, ಹಾಳೆಯಲ್ಲಿ ಇದ್ದ ಹಾಗೆಯೇ, ಇಂಗ್ಲಿಷಿನಲ್ಲಿ ಎಚ್ಚರಿಕೆ ಬರೆದೆ. ದಾರಿಯಲ್ಲಿ ಕಣ್ಣಳತೆಯಿಂದ ದೂರ ಬಿಡಬಾರದು ಎಂಬುದನ್ನೂ ಪಾಲಿಸುವೆನೆಂದುಕೊಂಡೆ. ಉಳಿದದ್ದು ಒಂದು: ಸಾಗಿಸುವಾಗ ನಲ್ಲಿಯನ್ನು ಕಳಚಿ ಆ ತೂತಿಗೆ ಬಿರಡೆ ಹಾಕಬೇಕು. ನಲ್ಲಿ ಜಿಡ್ಡು ಹಿಡಿದು ಕೂತಿತ್ತು. ಬಲವಂತ ಮಾಡಿದರೆ ಗಾಜು ಸೀಳೀತು ಎಂದು ಬಿಟ್ಟೆ. ಪೆಟ್ಟಿಗೆಯ ಬದಿಗೆ ಒಂದು ಕಂಡಿ ಕೊರೆದು, ನಲ್ಲಿಯ ಮೂತಿಯನ್ನು ಅದರಿಂದ ಹೊರಗೆ ಬಿಟ್ಟು, ಬಟ್ಟೆ ಸುತ್ತಿದೆ. ಮೇಲಿನ ಬಾಯಿ ಭದ್ರವಾಗಿರುವವರೆಗೆ ಕೆಳಗಿನ ನಲ್ಲಿ ಸೋರದು ಎಂಬ ಧೈರ್ಯವೂ ಇತ್ತು. ಸೀಮೆಎಣ್ಣೆ ಡಬ್ಬಿಗೆ ಅಂಗಡಿಯವರು ಎರಡು ತೂತು ಹೊಡೆಯುವುದು ಅದಕ್ಕೇ. ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬರುವುದಿಲ್ಲ.

ಶನಿವಾರ ಮಧ್ಯಾಹ್ನ ಕುಮಟಾ ಬಿಟ್ಟು ಹೊನ್ನಾವರದ ನಮ್ಮ ಮನೆಗೆ ಬಂದೆವು. ತಾಯಿ ಒಬ್ಬಳೇ ಇದ್ದಳು. ಪೆಟ್ಟಿಗೆಯನ್ನು ಜಗಲಿಯ ಮೂಲೆಯಲ್ಲಿ ಇಳಿಸಿದೆ.

"ಎಂತ ತಮಾ ಅದು?" ಎಂದು ತಾಯಿ ಕೇಳಿದಳು.

"ಶಾಲೆ ಸಾಮಾನು. ಮುಟ್ಟೂಕಾಗ."

"ಕೇಳೂಕೂ ಆಗ್ವೋ?"

"ಶಾಲೆ ಸಾಮಾನಿನ ಮಾತು ಮನೆಯಲ್ಲಿ ಬೇಡ," ಎಂದೆ. ಹೆಂಡತಿಯೂ ಅಲ್ಲೇ ಇದ್ದಳು. ನನ್ನ ಸ್ವಭಾವ ಆಗ ಹಾಗಿತ್ತು. ಮನೆ ಬೇರೆ, ಕೆಲಸ ಬೇರೆ.

ಭಾನುವಾರ ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿ ಸ್ನಾನ ಮಾಡುತ್ತಿದ್ದಾಗ ತಾಯಿ ಬೀಗರ ಮನೆಗೆ ಕಳಿಸಲು ಜೋನಿ ಬೆಲ್ಲದ ಭರಣಿ ಕಟ್ಟುತ್ತಿದ್ದಳು. ಜೋನಿ ಬೆಲ್ಲವೆಂದರೆ ಕಬ್ಬಿನ ಹಾಲು ಕಾಸಿದ ನೀರುಬೆಲ್ಲ. ಬಿಸಿಲಿಗೆ ಅದು ಹುಳಿಬಂದು ಉಬ್ಬುತ್ತದೆ. ಬಾಯಿ ಬಿಗಿಯಾಗಿ ಮುಚ್ಚಿದರೆ ಭರಣಿ ಸಿಡಿಯುತ್ತದೆ. ಹಿಂದಿನ ವರ್ಷ ಯಾರದ್ದೋ ಭರಣಿ ಬಸ್ಸಿನಲ್ಲಿ ಸಿಡಿದು ಸೀರೆಗಳೆಲ್ಲ ಅಂಟಾಗಿದ್ದ ಕಥೆ ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ದಾರಿಗೆ ಕಳಿಸುವ ಭರಣಿಯ ಬಾಯಿಗೆ ದಬ್ಬಣದಿಂದ ಒಂದು ತೂತು ಮಾಡುವುದು ಪದ್ಧತಿ. ಆ ಬೆಳಿಗ್ಗೆ ಜಗಲಿಯಲ್ಲಿ ಏನೇನು ನಡೆಯಿತು ಎಂಬುದು ನನಗೆ ತಿಳಿದದ್ದು ನದಿಯ ನಡುವೆ.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಹೊನ್ನಾವರದ ದಡದಲ್ಲಿ ಬಸ್ಸಿಳಿದು, ದೋಣಿಯಲ್ಲಿ ದಾಟಿ, ಆಚೆ ಕಾಸರಕೋಡಿನಲ್ಲಿ ಭಟ್ಕಳದ ಬಸ್ಸು ಹಿಡಿಯಬೇಕು. ನಮಗೆ ಸಿಕ್ಕಿದ್ದು ಹಳೆಯ ಹೊಲಿಗೆ ದೋಣಿ. ಅದರಲ್ಲಿ ಮೊಳೆಗಳಿಲ್ಲ, ಹಲಗೆಗೆ ಹಲಗೆಯನ್ನು ಕತ್ತದ ಹಗ್ಗದಿಂದ, ಅಂದರೆ ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಇಪ್ಪತ್ತು ಇಪ್ಪತ್ತೈದು ಜನ ಹತ್ತಿದರು. ಇಬ್ಬರು ಆಳುಗಳು ನನ್ನ ಪೆಟ್ಟಿಗೆಗೆ ಹಗ್ಗ ಹಾಕಿ ಇಳಿಸಿದರು. ಇಳಿಸುವಾಗ 'ಟಕ್' ಎಂದು ಒಂದು ಸಣ್ಣ ಶಬ್ದ ಕೇಳಿತು. ಹಲಗೆ ತಾಗಿತು ಎಂದುಕೊಂಡೆ. ಬಗ್ಗಿ ನೋಡಲಿಲ್ಲ. ಹೆಂಡತಿಯನ್ನು ಕೂರಿಸುವ ಗಡಿಬಿಡಿಯಲ್ಲಿದ್ದೆ. ಅವಳ ಕಾಲು ಊದಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಪೆಟ್ಟಿಗೆಯಿಂದ ಒಂದು ಮೊಳ ದೂರದಲ್ಲಿ ಕಾಲು ಚಾಚಿ ಕೂತಳು.

ನಡುನೀರಿಗೆ ಬಂದಾಗ ಅವಳು ನನ್ನ ತೋಳು ಮುಟ್ಟಿದಳು.

"ಹೋಯ್, ಎಂತೋ ಸುಟ್ಟ ವಾಸನೆ."

ಕೆಳಗೆ ನೋಡಿದೆ. ನಲ್ಲಿಗೆ ಸುತ್ತಿದ ಬಟ್ಟೆ ಕಪ್ಪಗೆ ಹರಿದು ನೇತಾಡುತ್ತಿತ್ತು. ನಲ್ಲಿಯ ಹಿಡಿ ಮುರಿದಿತ್ತು, ತಿರುಗಿಸಿ ನಿಲ್ಲಿಸಲು ಏನೂ ಉಳಿದಿರಲಿಲ್ಲ. ಎಣ್ಣೆಯಂಥ ಒಂದು ಹನಿ ತುದಿಯಲ್ಲಿ ಉಬ್ಬಿತು, ಬಿತ್ತು. ಹಲಗೆಯ ಮೇಲೆ ಕಪ್ಪು ಕಲೆ. ನಾಲ್ಕು ಎಣಿಸುವಷ್ಟರಲ್ಲಿ ಇನ್ನೊಂದು ಹನಿ. ಬಿದ್ದದ್ದು ಹರಿದುಹೋಗುತ್ತಿದ್ದ ದಿಕ್ಕು ನೋಡಿದೆ. ಎರಡು ಹಲಗೆಗಳ ನಡುವಿನ ಹೊಲಿಗೆಯ ಹಗ್ಗಕ್ಕೆ ಅದು ಇಳಿಯುತ್ತಿತ್ತು. ಪೆಟ್ಟಿಗೆಯನ್ನು ಓರೆ ಮಾಡೋಣವೆಂದರೆ ಆಚೀಚೆ ಹನಿ ಸಿಡಿಯುವ ಭಯ. ಆಚೀಚೆ ಎಂದರೆ ಅವಳ ಬರಿಗಾಲು.

"ಕಾಲು ಮೇಲೆ ತಗೋ. ಹಿಂದೆ ಸರಿ," ಎಂದೆ.

ಚುಕ್ಕಾಣಿ ಹಿಡಿದಿದ್ದ ಮುದುಕ ಕೂಗಿದ: "ಎಂತ ಅಲ್ಲಿ? ದೋಣಿ ಅಲ್ಲಾಡ್ಸೂಕಾಗ!"

"ಹೊಗೆ ಬತ್ತದೆ!" ಎಂದ ಒಬ್ಬ. ಇನ್ನೊಬ್ಬ ದೋಣಿಯ ತಳದ ನೀರು ಎತ್ತಿಹಾಕುವ ಡಬ್ಬಿ ಹಿಡಿದು ಎದ್ದ.

"ನೀರು ಹಾಕ್ಬೇಡಿ! ನೀರು ಬೇಡ!" ಎಂದು ಚೀರಿದೆ. ಆ ಆಸಿಡ್ಡಿಗೆ ನೀರು ಹೊಯ್ದರೆ ಕುದಿದು ಮುಖಕ್ಕೆ ಸಿಡಿಯುತ್ತದೆ.

ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಕಾಸರಕೋಡಿಗೆ ಮರಳುತ್ತಿದ್ದ ಹೆಂಗಸೊಬ್ಬಳು ನಕ್ಕಳು. "ದೇವಾ ರೇ! ಹೊಳೆ ಮೇಲೆ ಕೂತು ನೀರು ಬೇಡ ಅಂತಾರೆ ಮಾಸ್ತರು."

ಒಂದಿಬ್ಬರು ನಕ್ಕರು. ಚುಕ್ಕಾಣಿಯವ ನಗಲಿಲ್ಲ. "ಎಂತ ತಂದ್ರಿ ನನ್ನ ದೋಣಿಗೆ?"

"ಆಸಿಡ್."

"ಅಂದ್ರೆ?"

"ಹಗ್ಗ ಸುಡ್ತದೆ."

ನಗು ನಿಂತಿತು. ನೀರು ಇಳಿಯುವ ಹೊತ್ತು ಅದು, ಹೊಳೆ ಸಮುದ್ರದ ಕಡೆಗೆ ಸೆಳೆಯುತ್ತಿತ್ತು. ಮುದುಕ ಒಮ್ಮೆ ಅಳಿವೆಯ ಬಾಯಿಯ ಕಡೆ ನೋಡಿದ, ಒಮ್ಮೆ ನನ್ನ ಹೆಂಡತಿಯ ಹೊಟ್ಟೆಯ ಕಡೆ. "ಯಾರೂ ಏಳೂಕಾಗ. ಕೂತಲ್ಲೇ ಕೂತ್ಕಣಿ," ಎಂದ. ಹುಟ್ಟು ಹಾಕುವವರಿಗೆ ಬೇಗ ಬೇಗ ಎಂದು ಕೈ ಬೀಸಿದ.

ಕಪಾಟಿನ ಹಾಳೆಯಲ್ಲಿ ಆರು ನಿಯಮಗಳ ಕೆಳಗೆ ಬರೆದಿದ್ದ ಸಾಲು ನೆನಪಾಯಿತು. ಚೆಲ್ಲಿದರೆ ಮರಳು, ಬೂದಿ ಅಥವಾ ಸುಣ್ಣ. ಮರಳು ಪೆಟ್ಟಿಗೆಯೊಳಗೆ ಹಲಗೆ ಹೊಡೆದು ಭದ್ರವಾಗಿತ್ತು.

"ಸುಣ್ಣ! ಕವಳದ ಸುಣ್ಣ ಯಾರ ಹತ್ರ ಇದೆ?"

ನಮ್ಮ ಕಡೆ ಎಲೆ ಅಡಿಕೆಯ ಚೀಲವಿಲ್ಲದೆ ಯಾರೂ ಹೊಳೆ ದಾಟುತ್ತಿರಲಿಲ್ಲ. ಕೈಯಿಂದ ಕೈಗೆ ಡಬ್ಬಿಗಳು ಬಂದವು. ಹಿತ್ತಾಳೆಯವು, ತಗಡಿನವು, ಒಂದು ಬೆಳ್ಳಿಯದೂ ಇತ್ತು. ಮೀನಿನ ಹೆಂಗಸು ಸೊಂಟದಿಂದ ತನ್ನದನ್ನು ತೆಗೆದು ಕೊಡುತ್ತ, "ಪೂರಾ ತಗಂಬೇಡಿ, ಸಂಜೆ ಕವಳಕ್ಕೆ ಬೇಕು," ಎಂದಳು. ಸುಣ್ಣವನ್ನು ಬೆರಳಿನಿಂದ ಬಳಿದು ಹೊಲಿಗೆಯ ಉದ್ದಕ್ಕೂ ಮೆತ್ತಿದೆ. ಸುಯ್ ಎಂದು ಕುದಿಯಿತು. ಬಿದ್ದದ್ದು ಅಡಗಿತು, ಬೀಳುವುದು ನಿಲ್ಲಲಿಲ್ಲ. ಡಬ್ಬಿಗಳು ಖಾಲಿಯಾಗುತ್ತಿದ್ದವು.

ಮೇಲೆ ಮೇಣ ಹಾಕಿದ್ದೇನೆ. ಗಾಳಿ ಹೋಗುವ ದಾರಿಯಿಲ್ಲ. ಒಂದೆರಡು ಹನಿ ಬಿದ್ದು ನಿಲ್ಲಬೇಕಿತ್ತು. ಇದು ಯಾಕೆ ನಿಲ್ಲುತ್ತಿಲ್ಲ? ಇದನ್ನು ನಾನು ಗಟ್ಟಿಯಾಗಿಯೇ ಹೇಳಿರಬೇಕು.

"ಮೇಲೆ ತೂತು ಇದ್ಯಲ್ಲ," ಎಂದಳು ಹೆಂಡತಿ.

"ಎಂತ ತೂತು?"

"ಅತ್ತೆ ಮಾಡಿದ್ದು. ಬೆಲ್ಲದ ಭರಣಿಗೆ ಮಾಡಿ, ಇದಕ್ಕೂ ಮಾಡಿದ್ರು. ಬಿಸಿಲಿಗೆ ಒಡೀತದೆ ಅಂತ."

"ನೋಡಿಯೂ ನಂಗೆ ಹೇಳಲಿಲ್ಲ ಎಂತಕ್ಕೆ?"

"ಶಾಲೆ ಸಾಮಾನಿನ ಮಾತು ಮನೆಯಲ್ಲಿ ಬೇಡ ಅಂದವರು ಯಾರು?"

ಜಾಡಿಯ ಕತ್ತು ತಡವಿದೆ. ಬಿರಡೆಯ ಅಂಚಿನ ಮೇಣದಲ್ಲಿ ದಬ್ಬಣದ ತೂತು ಬೆರಳಿಗೆ ಸಿಕ್ಕಿತು. ನೆಟ್ಟಗೆ, ಅಚ್ಚುಕಟ್ಟಾಗಿ ಮಾಡಿದ್ದಳು. ಹೆಬ್ಬೆಟ್ಟನ್ನು ಅದರ ಮೇಲಿಟ್ಟು ಒತ್ತಿದೆ. ಬಿಸಿಲಿಗೆ ಮೆದುವಾಗಿದ್ದ ಮೇಣ ಹೆಬ್ಬೆಟ್ಟಿನ ಕೆಳಗೆ ಹರಡಿತು.

ನಲ್ಲಿಯನ್ನೇ ನೋಡುತ್ತ ಎಣಿಸಿದೆ. ಆರಕ್ಕೆ ಒಂದು ಹನಿ. ಆಮೇಲೆ ಹನ್ನೊಂದಕ್ಕೆ. ಮುಂದಿನ ಹನಿ ಉಬ್ಬಿತು, ತೂಗಾಡಿತು, ಬೀಳಲಿಲ್ಲ. ನಾನು ಎಣಿಸುವುದನ್ನು ನಿಲ್ಲಿಸಲಿಲ್ಲ. ಮೇಣ ಅಂಟಿಕೊಂಡಿದೆ, ಕೈ ತೆಗೆಯಬಹುದು ಎಂದು ಬುದ್ಧಿ ಹೇಳುತ್ತಿತ್ತು. ಕೈ ಕೇಳಲಿಲ್ಲ. ಇನ್ನೂರು, ಮುನ್ನೂರು ಎಂದು ಎಣಿಸುತ್ತಲೇ ಇದ್ದೆ. ಹೆಂಡತಿ ಸೆರಗನ್ನು ಹೊಟ್ಟೆಯ ಸುತ್ತ ಬಿಗಿಹಿಡಿದು ಆ ಒಂದು ಹನಿಯನ್ನೇ ನೋಡುತ್ತಿದ್ದಳು. ದೋಣಿಯ ಮೂತಿ ಕಾಸರಕೋಡಿನ ಮರಳಿಗೆ ತಾಗಿದಾಗ ಎಷ್ಟಕ್ಕೆ ಬಂದಿದ್ದೆ ಎಂಬುದು ಮರೆತುಹೋಯಿತು.

ಎಲ್ಲರೂ ಇಳಿದ ಮೇಲೆ ಮುದುಕ ಹೊಲಿಗೆಯ ಸುಣ್ಣ ಕೆರೆದು ಹಗ್ಗ ನೋಡಿದ. ಮೂರು ಎಳೆಯಲ್ಲಿ ಎರಡು ಕರಿದಾಗಿದ್ದವು, ಮುಟ್ಟಿದರೆ ಉದುರುತ್ತಿದ್ದವು.

ಭಟ್ಕಳದ ಬಸ್ಸು ಕಾಯುತ್ತಿತ್ತು. ಕಂಡಕ್ಟರು ಪೆಟ್ಟಿಗೆ ಹಿಂದೆ ಹಾಕಿ ಎಂದ. ನಾನು ಬೇಡ ಎಂದೆ. ಆ ಪೆಟ್ಟಿಗೆ ಅವಳಿರುವ ಬಸ್ಸಿಗೆ ಹತ್ತುವುದಿಲ್ಲ, ಅದನ್ನು ದಡದಲ್ಲಿ ಒಂಟಿಯಾಗಿ ಬಿಟ್ಟು ನಾನೂ ಹತ್ತುವ ಹಾಗಿಲ್ಲ.

"ಒಬ್ಬಳೇ ಹೋಗ್ತ್ಯಾ?" ಎಂದು ಕೇಳಿದೆ.

"ಅದರ ಜೊತೆ ಹೋಗೂದಕ್ಕಿಂತ ಒಬ್ಬಳೇ ಹೋಗೂದು ಬೇಕು," ಎಂದು ಅವಳು ಬೆಲ್ಲದ ಭರಣಿ ಮಡಿಲಿಗೆ ತೆಗೆದುಕೊಂಡಳು. ಬಾಟಲಿ ಹಿಡಿದು ಇಲ್ಲಿಗೇ ಬನ್ನಿ ಎಂದು ಭಟ್ಕಳದ ಶಾಲೆಯ ಮಾಸ್ತರರ ಮನೆಗೆ ಕೊಡಲು ಒಂದು ಚೀಟಿ ಬರೆದು ಅವಳ ಕೈಗಿತ್ತೆ.

ಪೆಟ್ಟಿಗೆಯನ್ನು ಅರ್ಧದವರೆಗೆ ದಡದ ಮರಳಿನಲ್ಲಿ ಹೂಳಿ ಪಕ್ಕದಲ್ಲಿ ಕೂತೆ. ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನ ನನಗೆ ಆಮೇಲೆ ಬರಲಿಲ್ಲ. ಭಟ್ಕಳದ ಬಸ್ಸು ಎಲ್ಲಿ ಕೆಟ್ಟಿತೋ, ಅವಳಿಗೆ ದಾರಿಯಲ್ಲೇ ನೋವು ಬಂತೋ ಎಂದು ಪ್ರತಿ ಗಾಡಿಯ ಸದ್ದಿಗೂ ಎದ್ದು ನಿಲ್ಲುತ್ತಿದ್ದೆ. ಸಂಜೆಯ ಮುಂಚೆ ಭಟ್ಕಳದ ಶಾಲೆಯ ಮಾಸ್ತರರೇ ಗಾಜಿನ ಬಾಟಲಿಗಳನ್ನು ಹಿಡಿದು ಬಂದರು. ಅವಳು ಸುಖವಾಗಿ ಮುಟ್ಟಿದ್ದಾಳೆ ಎಂದು ಅವರು ಹೇಳಿದ ಮೇಲೆಯೇ ನನಗೆ ಹಸಿವಾದದ್ದು. ಇಬ್ಬರೂ ಅಲ್ಲೇ ಆಸಿಡ್ಡನ್ನು ಬಾಟಲಿಗಳಿಗೆ ಇಳಿಸಿದೆವು. ಖಾಲಿ ಜಾಡಿಯ ಜೊತೆ ನಾನು ಹೊನ್ನಾವರಕ್ಕೆ ಮರಳಿದೆ.

ತಾಯಿ ಬಾಗಿಲಲ್ಲೇ ಕೇಳಿದಳು: "ಮುಟ್ಟಿದ್ಳೋ? ಭರಣಿ ಒಡೀಲಿಲ್ವಲ್ಲ?"

"ಒಡೀಲಿಲ್ಲ."

"ನಿನ್ನ ಜಾಡಿ?"

"ಅದೂ ಒಡೀಲಿಲ್ಲ."

"ಮತ್ತೆ! ನೀ ಬಾಯಿ ಬಿಗಿದು ತಂದಿದ್ದೆ. ನಾ ತೂತು ಮಾಡಿದ್ದಕ್ಕೆ ಉಳೀತು," ಎಂದು ನನಗೆ ಕಾಲು ತೊಳೆಯಲು ನೀರು ಕೊಟ್ಟಳು.

ಆಗ ಹೇಳಲಿಲ್ಲ. ಹೇಳಲು ಧೈರ್ಯ ಬಂದದ್ದು ಮೇ ತಿಂಗಳಲ್ಲಿ, ಮಗಳು ಹುಟ್ಟಿ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು ಕಾಗದ ಬಂದ ದಿನ. ಎಲ್ಲವನ್ನೂ ಹೇಳಿದೆ, ಮುರಿದ ನಲ್ಲಿ, ಕರಿದಾದ ಹಗ್ಗ, ನನ್ನ ಹೆಬ್ಬೆಟ್ಟು. ತಾಯಿ ಜಗಲಿಯ ಮೂಲೆಯಿಂದ ಆ ಖಾಲಿ ಪೆಟ್ಟಿಗೆ ತರಿಸಿ, ಕೆಂಪು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಅವಳು ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆ ಓದಿದವಳು.

"ಇದು ಎಂತ ಬರದದ್ದು?"

"ಸುಡುವ ವಸ್ತು, ಮುಟ್ಟಬೇಡಿ ಅಂತ."

"ನಂಗೆ ಓದೂಕೆ ಬರೂ ಹಾಂಗೆ ಬರೆಯೂಕೆ ನಿಂಗೆ ಎಂತ ಆಗಿತ್ತು, ತಮಾ?"

ಶಾಲೆ ಮತ್ತೆ ತೆರೆದ ದಿನ ಕಪಾಟಿನ ಹಾಳೆಯ ಪಕ್ಕದಲ್ಲಿ ದಪ್ಪ ಅಕ್ಷರದ ಕನ್ನಡದ ಹಾಳೆ ಅಂಟಿಸಿದೆ. ಆ ಜಾಡಿಯ ನಲ್ಲಿಯ ತೂತಿಗೆ ಶಾಶ್ವತವಾಗಿ ಬಿರಡೆ ಹೊಡೆದೆ. ಮುಂದೆ ಇಪ್ಪತ್ತು ವರ್ಷ ಆಸಿಡ್ ಸಾಗಿಸಿದೆ. ಪೆಟ್ಟಿಗೆ ಕಟ್ಟಿದ ಮೇಲೆ ಮನೆಯವರನ್ನೆಲ್ಲ ಕರೆದು ಒಳಗೆ ಏನಿದೆ ಎಂದು ಹೇಳಿಯೇ ಹೊರಡುತ್ತಿದ್ದೆ. ಹೊರಡುವ ಮುಂಚೆ ಮೇಣದ ಸುತ್ತ ಹೆಬ್ಬೆಟ್ಟು ಆಡಿಸಿ ತೂತು ಹುಡುಕುತ್ತಿದ್ದೆ. ಇರುತ್ತಿರಲಿಲ್ಲ. ಆದರೂ ಎರಡನೆಯ ಸಲ ಹುಡುಕುತ್ತಿದ್ದೆ.