ಜೆರಾಶಿನ ಕಲ್ಲುಮೆಟ್ಟಿಲ ಮೇಲೆ ದೊಡ್ಡವ್ವನ ಶಾಲು

ಕೇಳ್ರಪೋ ಕೇಳ್ರಿ! ಸಿಕ್ಕಳು, ನಮ್ಮ ದೊಡ್ಡವ್ವ ಸಿಕ್ಕಳು!

ಹಾನಗಲ್ಲಿನಿಂದ ಹನ್ನೆರಡು ಮಂದಿ ಜೋರ್ಡಾನ್ ಪ್ರವಾಸಕ್ಕೆ ಬಂದಿದ್ದೇವೆ. ನಿನ್ನೆ ಬೈಬಲ್ಲಿನ ಮೋಶೆ ಹತ್ತಿದ ಬೆಟ್ಟ, ಇವತ್ತು ಜೆರಾಶ್ ಎಂಬ ರೋಮನ್ನರ ಕಾಲದ ಹಾಳೂರು. ಬಸ್ ಹೊರಡುವಾಗ ಎಣಿಸಿದರೆ ಹನ್ನೊಂದೇ ತಲೆ! ದುಂಡಸಿಯ ದೊಡ್ಡವ್ವ ಇಲ್ಲ. ಎಪ್ಪತ್ತು ವರ್ಷ, ಕನ್ನಡ ಬಿಟ್ಟರೆ ಬೇರೆ ಮಾತು ಬಾರದು, ಆಕೆಯ ಮೊಬೈಲು ನನ್ನ ಚೀಲದಲ್ಲಿ. "ಅಕ್ಕನ್ನ ಜ್ವಾಕಿಲೆ ಕರಕೊಂಡು ಬಾರಪಾ" ಎಂದು ಅವ್ವ ಹೇಳಿ ಕಳಿಸಿದ್ದಳು. ಎದೆಯೊಳಗೆ ನಗಾರಿ ಮೊಳಗತೊಡಗಿತು!

ಕಂಬಗಳ ಬೀದಿಯೆಲ್ಲ ಹುಡುಕಿ ಕಡೆಗೆ ಕಲ್ಲಿನ ಹಳೇ ರಂಗಮಂದಿರಕ್ಕೆ ನುಗ್ಗಿದೆ. ನಟ್ಟನಡುವೆ ನಿಂತು, ಹಿರೇಕೆರೂರಿನ ನಾಟಕದಲ್ಲಿ ಭೀಮನಾಗಿ ಗುಡುಗಿದ ಅದೇ ಕಂಠದಲ್ಲಿ ಕೂಗಿದೆ: "ದೊಡ್ಡವ್ವಾ! ಎಲ್ಲಿ ಅದೀಯವ್ವಾ?"

ಮೇಲೆ, ನೆರಳಿದ್ದ ಸಾಲಿನಿಂದ ಉತ್ತರ ಬಂತು. "ಯಾಕ ಒದರ್ತಿ? ಹನ್ನೆರಡು ಮಂದಿಗೆ ಜಾಗಾ ಹಿಡದೇನಿ. ಲಗೂ ಬರ್ರಿ!"

ಊರ ನಾಟಕಕ್ಕೆ ಸಂಜೆಯೇ ಹೋಗಿ ಚಾಪೆ ಹಾಸುವಂತೆ ಶಾಲು, ಟವೆಲ್ಲು, ರೊಟ್ಟಿಗಂಟು ಸಾಲಾಗಿ ಇಟ್ಟು ಕೂತಿದ್ದಾಳೆ! ಅಲ್ಲಿ ಬಂದು ಕೂತ ಇಬ್ಬರು ಬಿಳಿಯರನ್ನು "ಇಲ್ಲಿ ಮಂದಿ ಅದಾರ್ರೀ" ಎಂದು ಎಬ್ಬಿಸಿಯೂ ಇದ್ದಳಂತೆ.

"ಇದು ಹಾಳೂರಬೇ! ನಾಟಕ ಆಡಾವ್ರು ಹೋಗಿ ಸಾವಿರ ವರ್ಷ ಆತು" ಎಂದೆ.

"ಮತ್ತ ಈಗ ನೀ ಒದರಿದ್ದೇನು?"

ನಗಾರಿ ನಿಂತಿತು. ಬಸ್ಸಿನಲ್ಲಿದ್ದವರನ್ನೂ ಕರೆಸಿ, ಹನ್ನೆರಡೂ ಮಂದಿ ಅಲ್ಲೇ ಕೂತು ರೊಟ್ಟಿ ತಿಂದು ಎದ್ದೆವು. ನಲವತ್ತು ವರ್ಷ ಬಣ್ಣ ಹಚ್ಚಿದ್ದೇನೆ, ನನ್ನ ಆಟಕ್ಕೆ ಇಷ್ಟು ಮುಂಚೆ ಬಂದು ಜಾಗ ಹಿಡಿದವರು ಇವತ್ತಿನವರೆಗೆ ಒಬ್ಬರೂ ಇರಲಿಲ್ಲ.