ಬಿಳಿ ಬಣ್ಣದಡಿ ನಗುವ ಗುಂಡಕ್ಷರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಮುಚ್ಚಿದ ಅಂಗಡಿಯೊಂದರ ಮುಂದೆ ಏಣಿ ಹತ್ತಿ ನಿಂತ ಗುಂಡಕ್ಕ ಗೋಡೆಗೆ ಟಾರ್ಚ್ ಬಿಡುತ್ತಾರೆ. ನಿನ್ನೆ ಸಂಜೆ ಅವರೇ ಬಳಿದ ಬಿಳಿ ಬಣ್ಣದೊಳಗಿಂದ ಮೂರು ದಪ್ಪ ಅಕ್ಷರಗಳು ವಸಡಿನಂತೆ ನಸುಗೆಂಪಾಗಿ ಎದ್ದು ಬಂದಿವೆ: ಬುಗುರಿ. "ಮತ್ತೆ ಬಂದ್ರಾ?" ಎಂದು ನೆಂಟರನ್ನು ಕೇಳುವ ಹಾಗೆ ಕೇಳುತ್ತಾರೆ. ಕೆಳಗೆ ಸೈಕಲ್ ನಿಲ್ಲಿಸಿದ್ದ ಪೇಪರಿನವನಿಗೆ ಅದು ಕೇಳಿಸುತ್ತದೆ. ಆತ ತಿರುಗಿಯೂ ನೋಡದೆ ಪೆಡಲ್ ತುಳಿಯುತ್ತಾನೆ.

ಗುಂಡಕ್ಕ ಎಂದರೆ ಗುಂಡಗಿದ್ದಾರೆಂದಲ್ಲ, ಆಳು ಕಡ್ಡಿ, ಬರೆಯುವ ಅಕ್ಷರ ಗುಂಡು. ಆಟಿಕೆ ಅಂಗಡಿ, ಐಸ್‌ಕ್ರೀಮ್ ಗಾಡಿ, ಶಿಶುವಿಹಾರದ ವ್ಯಾನು, ಎಲ್ಲಿ ಅಕ್ಷರಗಳು ಹೊಟ್ಟೆ ಮುಂದೆ ಬಿಟ್ಟುಕೊಂಡು, ಒಂದನ್ನೊಂದು ತಳ್ಳಾಡುತ್ತ ಕಿಸಕ್ಕನೆ ನಗುತ್ತವೋ ಅಲ್ಲೆಲ್ಲ ಅವರದೇ ಕೈ. ಅವರದು ಮತ್ತು ಯಜಮಾನರದು. ಈಕೆ ಅಂಚಿನ ಗೆರೆ ಎಳೆದರೆ ಅವರು ಒಳಗೆ ಕೆಂಪು ತುಂಬುತ್ತಿದ್ದರು. "ದಿನಕ್ಕೆ ಮೂರು ಬೋರ್ಡು ಮುಗಿಸ್ತಿದ್ವಿ. ಈಗ ಎಲ್ಲರಿಗೂ ಫ್ಲೆಕ್ಸೇ ಬೇಕು. ವಾರಕ್ಕೊಂದು ಸಿಕ್ಕಿದ್ರೆ ಹೆಚ್ಚು." ಹೋದ ವರ್ಷ ಯಜಮಾನರು ತೀರಿಕೊಂಡರು. ಅವರು ತುಂಬಿದ ಕೊನೆಯ ಬೋರ್ಡು ಈ ಆಟಿಕೆ ಅಂಗಡಿಯ 'ಬುಗುರಿ'.

ಅಂಗಡಿಗೆ ಈಗ ಹಲ್ಲಿನ ಡಾಕ್ಟರು ಬರುತ್ತಿದ್ದಾರೆ. ಬೆಳಗಾಗುತ್ತಲೇ ಬಂದವರು ಗೋಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. "ಏನಮ್ಮಾ ಇದು, ದೆವ್ವಾನಾ? ಎರಡು ಸಲ ಬಳಿದ್ರೂ ಹೋಗಲ್ಲ ಅಂದ್ರೆ! ಇವತ್ತು ಹೋಗ್ಲಿಲ್ಲ ಅಂದ್ರೆ ನಾನೂ ಫ್ಲೆಕ್ಸೇ ಹಾಕಿಸ್ತೀನಿ."

"ಹೋಗುತ್ತೆ ಸಾರ್. ಹೊಸ ಬೋರ್ಡಲ್ಲಿ ಕೊನೇ ಅಕ್ಷರ ಒಂದು ಗುಂಡಗಿರ್ಲಿ. ಹಲ್ಲು ಕೀಳಿಸ್ಕೊಳ್ಳೋಕೆ ಬರೋ ಮಕ್ಕಳಿಗೆ ಧೈರ್ಯ."

"ಏನಾದ್ರೂ ಮಾಡಿ. ಇದು ಮಾತ್ರ ತೊಲಗ್ಲಿ," ಎಂದು ಡಾಕ್ಟರು ಹೊರಡುತ್ತಾರೆ.

ದೆವ್ವವೇನಲ್ಲ. ಹಳೆಯ ಕೆಂಪು ಬಿಳಿಯೊಳಗೆ ಒಸರುತ್ತದೆ. ಮೊದಲೇ ಒಂದು ಕೈ ಬೆಳ್ಳಿ ಬಣ್ಣ ಹೊಡೆದರೆ ಅಲ್ಲೇ ತೆಪ್ಪಗಾಗುತ್ತದೆ. ಬೋರ್ಡ್ ಬರೆಯುವವರಿಗೆಲ್ಲ ಗೊತ್ತಿರುವ ಸಂಗತಿ. ಗುಂಡಕ್ಕ ಎರಡು ಸಲವೂ ಬೇಕೆಂದೇ ಮರೆತಿದ್ದಾರೆ. "ಬೆಳ್ಳಿ ಹೊಡೆದ್ರೆ ಯಜಮಾನ್ರ ಕೈ ಮತ್ತೆ ಕಾಣಲ್ಲ. ಹೊಡೀದಿದ್ರೆ ಕೆಲಸ ಹೋಗುತ್ತೆ. ಏನ್ಮಾಡ್ಲಿ ಹೇಳಿ?"

ಒಂದು ಮಾತ್ರ ಅವರಿಗೂ ಬಗೆಹರಿದಿಲ್ಲ. ಬರೆದಾಗ 'ರಿ' ಬಲಕ್ಕೆ ವಾಲಿತ್ತು. ಈಗ 'ಗು'ವಿನ ಹೆಗಲಿಗೆ ಒರಗಿಕೊಂಡಿದೆ. "ಗೆರೆ ಎಳೆದೋಳು ನಾನು. ಹೀಗೆ ಎಳೆದಿರ್ಲಿಲ್ಲ," ಎಂದು ದನಿ ತಗ್ಗಿಸುತ್ತಾರೆ. ಹೆದರಿಕೆ ಅವರಿಗಿಲ್ಲ, ಸಂಕಟವಿದೆ.

ಬಿಸಿಲೇರುವ ಮೊದಲೇ ಬೆಳ್ಳಿ ಡಬ್ಬಿ ತೆರೆಯುತ್ತಾರೆ. ಬು ಹೋಗುತ್ತದೆ, ಗು ಹೋಗುತ್ತದೆ. ರಿಯ ಹತ್ತಿರ ಬಂದ ಬ್ರಶ್ಶು ತಡೆದು ನಿಲ್ಲುತ್ತದೆ. ಆಮೇಲೆ ಅದರ ಹೊಟ್ಟೆಯ ಸುತ್ತ ಬಳಸಿಕೊಂಡು ಹೋಗುತ್ತದೆ. ಅಂಗೈಯಗಲದ ಜಾಗ ಬೆಳ್ಳಿ ತಾಗದೆ ಹಾಗೇ ಉಳಿಯುತ್ತದೆ. ಹೊಸ ಬೋರ್ಡಿನ ಕೊನೆಯ ಅಕ್ಷರ ಕೂರುವುದು ಅಲ್ಲೇ.

"ಆ ಅಕ್ಷರಕ್ಕೆ ಗೆರೆ ಮಾತ್ರ ಎಳೀತೀನಿ," ಎನ್ನುತ್ತ ಗುಂಡಕ್ಕ ಏಣಿ ಇಳಿಯುತ್ತಾರೆ. "ಒಳಗಡೆ ಕೆಂಪು ಅವರೇ ತುಂಬ್ಲಿ."