ಒಂಟಿ ನಳಿಗೆಗೆ ಎರಡು ತೋಟಾ

ನಮ್ಮ ಮನೆಯಲ್ಲಿ ಬದನೆಕಾಯಿ ಆರಿಸುವ ಕೆಲಸವನ್ನೂ ನನಗೆ ಯಾರೂ ಒಪ್ಪಿಸುವುದಿಲ್ಲ. ನಾನು ತಂದದ್ದರಲ್ಲಿ ಹುಳುವೇ ಹೆಚ್ಚು ಎಂಬುದು ಹೆಂಡತಿಯ ದೂರು. ಅಂಥ ನನ್ನನ್ನು ಮಾವ ಬಂದೂಕಿನ ತೋಟಾ ಆರಿಸಲು ಜೊತೆಗೆ ಕರೆದರೆಂದರೆ ಅವರ ತಲೆ ಎಷ್ಟು ಕೆಟ್ಟಿರಬೇಕು, ನೀವೇ ಯೋಚಿಸಿ.

ಮಾವನವರದು ಹರಿಹರದ ಹತ್ತಿರದ ಸಾರಥಿ ಎಂಬ ಊರು. ಕೊರಳಲ್ಲಿ ಲಿಂಗ, ಅಡುಗೆಮನೆಗೆ ಮೊಟ್ಟೆಗೂ ಪ್ರವೇಶವಿಲ್ಲ, ಆದರೆ ಪಡಸಾಲೆಯಲ್ಲೊಂದು ಬಂದೂಕು. ಬೆಳೆ ಕಾಯಲೆಂದು ಪರವಾನಗಿ ಪಡೆದ ಒಂಟಿ ನಳಿಗೆಯದು. ಮಹಾನವಮಿಗೆ ಅದಕ್ಕೂ ವಿಭೂತಿ ಹಚ್ಚುತ್ತಾರೆ; ಹಚ್ಚಿದ ಮೇಲೆ ಅದೂ ಮನೆಯ ಹಿರಿಯರಂತೆ ಸಾಧುವಾಗಿ ಕಾಣುತ್ತದೆ. ಒಂದು ಸಲಕ್ಕೆ ಒಂದೇ ತೋಟಾ. ಹೊಡೆದ ಮೇಲೆ ಬಂದೂಕು ಮಡಚಿ, ಖಾಲಿಯಾದದ್ದನ್ನು ತೆಗೆದು, ಇನ್ನೊಂದನ್ನು ತುಂಬಬೇಕು. ಈ ಸಂಗತಿ ನನಗಿಂತ ಮೊದಲೇ ಅಲ್ಲಿನ ಚಿಗರಿಗಳಿಗೆ ತಿಳಿದಿತ್ತು. ಮಾವ ಆಕಾಶಕ್ಕೆ ಒಮ್ಮೆ ಢಂ ಅನ್ನಿಸಿದರೆ ಆ ಜಿಂಕೆಗಳು ಬದುವಿನಾಚೆ ಹೋಗಿ ನಿಂತು, ಇವತ್ತಿನದು ಮುಗಿಯಿತಲ್ಲ ಎನ್ನುವಂತೆ ವಾಪಸು ಬಂದು ಎಳೆ ಮೆಕ್ಕೆಜೋಳಕ್ಕೆ ಬಾಯಿ ಹಾಕುತ್ತಿದ್ದವು. ಮತ್ತೆ ಬಿತ್ತಿದ್ದೂ ಹೀಗೇ ಹೋಗತೊಡಗಿದಾಗ ಮಾವ, “ಈ ಸಲ ಒಂದನ್ನ ಕೆಡವೇ ಬಿಡ್ತೀನಿ” ಅಂದರು.

ದಾವಣಗೆರೆಯ ಬಂದೂಕಿನ ಅಂಗಡಿಯವರು ಗಾಜಿನ ಮೇಲೆ ಎರಡು ತೋಟಾ ಇಟ್ಟರು. ಒಂದರೊಳಗೆ ಸಾಸಿವೆಯಂಥ ಚರೆ, ಇನ್ನೊಂದರಲ್ಲಿ ಕಡಲೆಕಾಳಿನಷ್ಟು ದಪ್ಪದ ಗುಂಡು.

“ಸಣ್ಣದು ಹೆದರ್ಸಾಕ. ದಪ್ಪಂದು ಬಿದ್ರೆ ಮುಗೀತು, ಮತ್ತೆ ಏಳಲ್ರಿ” ಅಂದರು.

ಮಾವ ನನ್ನ ಕಡೆ ತಿರುಗಿದರು. “ಅಳಿಯಂದ್ರೇ, ನೀವು ಓದಿದೋರು. ಹೇಳ್ರಿ, ಯಾವ್ದು ತಗಳಾನ?”

ಓದಿದವನಿಗೆ ನೆನಪಾದದ್ದು ಪುರಾಣ. ಜಿಂಕೆಯ ಬೆನ್ನು ಹತ್ತಿ ಕಾಡಿಗೆ ಹೋದ ರಾಜರು ಬರಿಗೈಲಿ ಬಂದದ್ದು ಕಡಿಮೆ. ಒಬ್ಬ ಶಾಪ ತಂದ, ಇನ್ನೊಬ್ಬ ಹೆಂಡತಿಯನ್ನು ತಂದ; ಜಿಂಕೆಯನ್ನು ತಂದವನ ಕಥೆ ನಾನು ಕೇಳಿಲ್ಲ. ಈ ಕಾಲದಲ್ಲಾದರೆ ನೇರವಾಗಿ ಜೈಲು. ಅದನ್ನು ಹೇಳಿದೆ. ಜೈಲಿಗಿಂತ ನನಗೆ ಹೆಚ್ಚು ಭಯವಾಗಿದ್ದು ಇನ್ನೊಂದಕ್ಕೆ: ಚಿಗರಿ ಬಿದ್ದರೆ ಈ ಮನುಷ್ಯ ಆಮೇಲೆ ನೆಮ್ಮದಿಯಾಗಿ ಒಂದು ತುತ್ತು ಉಣ್ಣಲಾರರು. ಅದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ. “ಸಣ್ಣದು ಸಾಕು ಮಾವ” ಅಂದೆ. ಅವರು ಎರಡೂ ಕೊಂಡರು.

ಅವತ್ತೇ ಸಂಜೆ ಹೊಲಕ್ಕೆ ಹೋದೆವು. ಮಾವ ದಪ್ಪದ್ದನ್ನು ತುಂಬಿ, ಸಣ್ಣದನ್ನು ನನ್ನ ಕೈಗೆ ಕೊಟ್ಟರು. ಚಿಗರಿಗಳು ಬಂದವು. ಮುಂದಿದ್ದ ಕರಿಯ ಗಂಡು ಕತ್ತೆತ್ತಿ ನಮ್ಮನ್ನು ನೋಡಿ, ಮತ್ತೆ ಮೇಯತೊಡಗಿತು. ಮಾವ ಗುರಿ ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ ಅವರು ನಳಿಗೆ ಇಳಿಸಿ, “ಆ ಸಣ್ಣದು ಕೊಡ್ರಿ” ಅಂದರು.

ಬಂದೂಕು ಮಡಚಿ, ದಪ್ಪದ್ದನ್ನು ಉಗುರಿನಿಂದ ಮೀಟಿ ತೆಗೆದು, ಸಣ್ಣದನ್ನು ಕೂರಿಸಿ ತಲೆಯೆತ್ತುವಷ್ಟರಲ್ಲಿ ಚಿಗರಿಗಳು ಹೊಟ್ಟೆ ತುಂಬಿ, ತಾವಾಗಿಯೇ ಹೊರಟುಹೋಗಿದ್ದವು. “ಹೋದ್ವಲ್ಲ” ಅಂದರು ಮಾವ. ಸೋತವರ ದನಿಯಲ್ಲ ಅದು. ನನಗಂತೂ ಹೋದ ಜೀವ ಬಂದಂತಾಯಿತು.

ಆ ವರ್ಷ ಹೊಲದ ಒಂದು ಮೂಲೆ ಚಿಗರಿಗಳ ಪಾಲಾಯಿತು. ಮಾವ ಈಗಲೂ ಪ್ರತಿ ಸಂಜೆ ದಪ್ಪ ತೋಟಾವನ್ನೇ ತುಂಬಿಕೊಂಡು ಹೋಗುತ್ತಾರೆ. ಚಿಗರಿ ಕಂಡ ಮೇಲೆ ಬೈಯುತ್ತ ಅದನ್ನು ತೆಗೆದು, ಸಣ್ಣದನ್ನು ಹಾಕಿ, ಆಕಾಶಕ್ಕೆ ಹೊಡೆಯುತ್ತಾರೆ. ಮೊನ್ನೆ ಹೋದಾಗ ಕೇಳಿಯೇಬಿಟ್ಟೆ: ಮನೆಯಿಂದಲೇ ಸಣ್ಣದನ್ನು ತುಂಬಿಕೊಂಡು ಹೋದರೆ ಆಗದೇ?

ಮಾವ ನನ್ನನ್ನು ಬದನೆಕಾಯಿ ಆರಿಸಲು ಬಾರದವನನ್ನು ನೋಡುವಂತೆಯೇ ನೋಡಿದರು.

“ಹಂಗ್ ಮಾಡಿದ್ರೆ, ನನ್ನ ಸಿಟ್ಟು ಹೊರಗ್ ತೆಗ್ಯೋದು ಹೆಂಗ್ರಿ?”